ಹೊರಳಲು ಬೇಕಾದ ಜಾಗ

ಪೋರ್ಟೊ ಊರಿನ ಬೀದಿಮನೆಗಳ ಬೆನ್ನಿಗೆ
ಒಂದೇ ಬಾಗಿಲ ಒಳಗೊಂದು ಓಣಿ.
ಎರಡೂ ಬದಿ ಬೆಂಕಿಪೊಟ್ಟಣದಂಥ ಹದಿನಾಲ್ಕು ಮನೆ,
ಕೊನೆಗೊಂದು ನಲ್ಲಿ, ಬಟ್ಟೆ ಒಗೆಯುವ ಕಲ್ಲುತೊಟ್ಟಿ.
ಇದನ್ನು ಇಲ್ಲಿನವರು ಕರೆಯುವುದು 'ದ್ವೀಪ' ಎಂದು.
ಸುತ್ತ ನೀರಿಲ್ಲ. ಸುತ್ತ ಊರಿದೆ.

ಮೂರನೇ ವರ್ಷದ ಪ್ರಾಜೆಕ್ಟು:
ನಲವತ್ತು ಜನಕ್ಕೆ ಕೂಡುಬಾಳಿನ ವಸತಿ.
ಅಳೆಯಲು ಹೋದೆ. ಟೇಪಿನ ಇನ್ನೊಂದು ತುದಿ
ಹಿಡಿಯುವವರಿರಲಿಲ್ಲ.
ಒಂಬತ್ತನೇ ಮನೆಯ ಎರ್ಮೆಲಿಂದಾ, ಹೊಸ್ತಿಲಲ್ಲಿ ಕೂತು
ಫಾವಾ ಕಾಯಿ ಸುಲಿಯುತ್ತಿದ್ದವಳು,
ಮಡಿಲ ಸಿಪ್ಪೆ ಕೊಡವಿ ಎದ್ದು ಬಂದು
ತುದಿಯನ್ನು ಹೆಬ್ಬೆರಳಲ್ಲಿ ಗೋಡೆಗೊತ್ತಿ ಹಿಡಿದಳು,
ಜ್ವರದ ಮಗುವಿನ ನಾಡಿ ಹಿಡಿದ ಹಾಗೆ.

"ಎಷ್ಟು?"
"ಒಂದು ಮೀಟರ್ ಮೂವತ್ತೆಂಟು."
"ಅಷ್ಟೇ ಇರಬೇಕು. ನನ್ನ ಗಂಡ ಇಲ್ಲಿ ಹೊರಳಲಿಲ್ಲ."
ಅರ್ಥವಾಗಲಿಲ್ಲ. ೧.೩೮ ಅಂತಷ್ಟೇ ಬರೆದುಕೊಂಡೆ.

ಸ್ಟುಡಿಯೋದಲ್ಲಿ ಆರು ವಾರ,
ಬಾಲ್ಸಾ ಮರದ ಚೂರು, ಬೆರಳಿಗಂಟಿದ ಗೋಂದು.
ಮೊದಲು ನಡುವೆ ಸಭಾಂಗಣ ಇಟ್ಟೆ, ಪೂರಾ ಗಾಜಿನದು.
ಆಮೇಲೆ ಮಾಳಿಗೆಯ ಮೇಲೆ ತೋಟ, ಸ್ಪಂಜಿನ ಮರಗಳು.
ಗ್ರಂಥಾಲಯಕ್ಕೆ ಮೆಟ್ಟಿಲೇ ಇಟ್ಟಿರಲಿಲ್ಲ,
ಬೆಳಗಿನ ನಾಲ್ಕಕ್ಕೆ ಕಂಡು ಒಬ್ಬಳೇ ನಕ್ಕೆ.
ರಟ್ಟಿನಲ್ಲಿ ಕತ್ತರಿಸಿದ ನಲವತ್ತು ಜನ:
ಯಾರಿಗೂ ಮುಖವಿಲ್ಲ, ಮೊಣಕಾಲು ನೋವಿಲ್ಲ,
ಎಲ್ಲರೂ ನಿಂತೇ ಇದ್ದರು,
ಒಬ್ಬರೂ ಏನೂ ಒಗೆಯುತ್ತಿರಲಿಲ್ಲ.

ನಕ್ಷೆಯನ್ನು ಅವಳು ಊಟದ ಮೇಜಿಗೆ ಹರಡಿ
ಮೂಲೆಗಳಿಗೆ ಉಪ್ಪಿನ ಡಬ್ಬಿ, ಎರಡು ಆಲೂಗಡ್ಡೆ, ಕನ್ನಡಕದ ಪೆಟ್ಟಿಗೆ ಇಟ್ಟು
ಬೆರಳಲ್ಲೇ ಮನೆಯಿಂದ ಮನೆಗೆ ನಡೆದಳು.
"ಇದೇನು?"
"ಎಲ್ಲರೂ ಸೇರುವ ಕೋಣೆ."
"ಸೇರಿ ಏನು ಮಾಡೋದು?"
ಉತ್ತರವಿತ್ತು ನಾಲಿಗೆಯಲ್ಲಿ, ಪಠ್ಯಪುಸ್ತಕದ್ದು. ನುಂಗಿಕೊಂಡೆ.
"ನಾವು ಸೇರೋದು ಬಟ್ಟೆ ಹಿಂಡೋವಾಗ.
ದುಪಟಿ ಹಿಂಡೋಕೆ ಇಬ್ಬರು ಬೇಕು ನೋಡು,
ಮಾತು ಬಿಟ್ಟ ಇಬ್ಬರಾದರೂ ಸರಿ.
ಡೊರಿಂದಾಗೂ ನನಗೂ ಹನ್ನೊಂದು ವರ್ಷ ಮಾತಿರಲಿಲ್ಲ.
ದುಪಟಿಯ ಆ ತುದಿ ಹಿಡಿದವಳು ಅವಳೇ."

ಬೆರಳು ಮೆಟ್ಟಿಲ ತಿರುವಿಗೆ ಬಂದು ನಿಂತಿತು.
"ಇಲ್ಲಿ ನಾಲ್ಕು ಜನ ಹೆಗಲು ಕೊಟ್ಟು ಹೊರಳಬಹುದಾ?"
ಆಗ ಹೇಳಿದಳು. ಫೆಬ್ರವರಿ. ಹನಿಯುತ್ತಿದ್ದ ಸೂರು.
ಓಣಿಯ ಮೂಲೆಯಲ್ಲಿ ಪೆಟ್ಟಿಗೆ ಹೊರಳದೆ
ಔರೇಲಿಯೊನನ್ನು ನಿಲ್ಲಿಸಿ ಹೊರಗೆ ತಂದರಂತೆ.
"ಒಳಗೆ ಮೈ ಜಾರಿದ ಸದ್ದು ಕೇಳಿಸ್ತು.
ಬದುಕಿದ್ದಾಗ, ಟ್ರ್ಯಾಮಿನಲ್ಲಿ ಸೀಟು ಸಿಗದಿದ್ದರೆ
ಇಳಿದುಬಿಡ್ತಿದ್ದ, ಮಾರಾಯಿತಿ."

ಜೂರಿಯ ದಿನ ಪ್ರೊಫೆಸರ್ ಸೆರ್ಕೇರಾ
ನನ್ನ ಓಣಿಯ ಮೂಲೆಗೆ ಪೆನ್ಸಿಲ್ ತಟ್ಟಿದರು:
"ಈ ಉಬ್ಬು ಯಾಕೆ? ಒಂಬತ್ತು ಚದರ ಮೀಟರ್ ದಂಡ."
ದುಪಟಿ ಹಿಂಡಲಿಕ್ಕೆ, ಅಂದೆ. ನಕ್ಕರು.
ಹೆಣ ಹೊರಳಲಿಕ್ಕೆ, ಅಂದೆ.
ನಗು ಅರ್ಧಕ್ಕೆ ನಿಂತಿತು. ಕಿಟಕಿಯಾಚೆ
ನದಿಯನ್ನೇ ನೋಡುತ್ತ ಪೆನ್ಸಿಲ್ ಜೇಬಿಗಿಟ್ಟರು.
ಇಪ್ಪತ್ತಕ್ಕೆ ಹದಿಮೂರು.
ಗ್ರಂಥಾಲಯಕ್ಕೆ ಬೆಳಕು ಸಾಲದು ಎಂದು ಬರೆದಿದ್ದರು,
ಅದೂ ನಿಜವೇ.

ಮಾದರಿ ಇಡಲು ನನ್ನ ಬಾಡಿಗೆ ಕೋಣೆಯಲ್ಲಿ ಜಾಗವಿಲ್ಲ.
ಈಗ ಅದು ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ.
ಸೂರು ಕಿತ್ತ ಮನೆಗಳ ತುಂಬ ಬಟ್ಟೆಯ ಕ್ಲಿಪ್ಪು,
ಗ್ರಂಥಾಲಯದಲ್ಲಿ ಏಳನೇ ಮನೆಯ ಬೆಕ್ಕು.
ಎಣಿಸಿದೆ. ರಟ್ಟಿನ ಜನರಲ್ಲಿ ಒಬ್ಬ ಕಾಣೆ.
"ಅವನಾ? ತೀರಾ ಬಡಕಲು. ಒಳಗೆ ಕರೆದೆ," ಅಂದಳು.

ಹಣಕಿ ನೋಡಿದೆ. ಒಲೆಯ ಮೇಲಿನ ಹಲಗೆ,
ಉಪ್ಪಿನ ಡಬ್ಬಿ.
ಪಕ್ಕದಲ್ಲಿ ಅವನನ್ನು ಮಲಗಿಸಿದ್ದಳು.